ಹತ್ತು ದಿನಕ್ಕೆ ಬರುವ ಬೋಧಕರು

ಅಮೆರಿಕದ ಯಾವುದೋ ಊರಿನಲ್ಲಿ ಭಾನುವಾರದ ಬೈಬಲ್ ತರಗತಿ ನಡೆಸುವ ಒಬ್ಬರು ಕೆಲಸಕ್ಕೆ ಎರಡು ವಾರ ರಜೆ ಹಾಕುತ್ತಾರೆ. ಸಭೆಯವರು ಕೈಲಾದಷ್ಟು ಕೊಟ್ಟು ಟಿಕೆಟ್ಟಿನ ದುಡ್ಡು ಕೂಡಿಸುತ್ತಾರೆ. ಶಂಷಾಬಾದಿನಲ್ಲಿ ವಿಮಾನ ಇಳಿದು, ಕಾರಿನಲ್ಲಿ ತಾಂಡೂರು ದಾಟಿ, ಸೇಡಂ ಸೀಮೆ ಹೊಕ್ಕು, ಕಾಳಗಿ ಸುತ್ತಲಿನ ಒಂದು ತಗಡಿನ ಚಾವಣಿಯ ಪ್ರಾರ್ಥನಾಲಯದಲ್ಲಿ ಮೂರು ದಿನ ಪಾಠ ಹೇಳಿ, ಇನ್ನೆರಡು ಊರು ಸುತ್ತಿ, ಹತ್ತನೆಯ ದಿನಕ್ಕೆ ಹೊರಟುಬಿಡುತ್ತಾರೆ. ಕ್ರೈಸ್ತ ವಲಯದಲ್ಲಿ ಇಂಥ ಪ್ರಯಾಣಕ್ಕೆ ‘ಶಾರ್ಟ್ ಟರ್ಮ್ ಮಿಷನ್’ ಎಂಬ ಹೆಸರಿದೆ. ನಮ್ಮ ಕಡೆಯವರು ಅಷ್ಟುದ್ದ ಹೇಳುವುದಿಲ್ಲ. ‘ಫಾರಿನ್ ಗೆಸ್ಟ್ ಬರ್ತಾರ್ರಿ’ ಎಂದರೆ ಮುಗಿಯಿತು.

ಈ ಗೆಸ್ಟ್ ಬಗ್ಗೆ ಊರಲ್ಲಿ ಎರಡು ಮಾತು ಓಡಾಡುತ್ತವೆ. ಒಂದು, ಬಿಳಿಯ ಮನುಷ್ಯ ಬಂದ ಎಂದರೆ ಊರಿಗೆ ಊರೇ ಮತಾಂತರವಾಗುತ್ತದೆ ಎಂಬ ಗಾಬರಿ. ಇನ್ನೊಂದು, ಅವರು ಬಂದು ಕೈಯಿಟ್ಟು ಪ್ರಾರ್ಥಿಸಿದರೆ ಸಭೆಯ ದಿಕ್ಕೇ ಬದಲಾಗುತ್ತದೆ ಎಂಬ ಭರವಸೆ. ಇಬ್ಬರೂ ಬಂದವರ ತಲೆಗೆ ಅವರಿಗಿಲ್ಲದ ಶಕ್ತಿಯನ್ನು ಕಟ್ಟುತ್ತಾರೆ ಎಂದು ನನಗೆ ಅನಿಸುತ್ತದೆ. ಹತ್ತು ದಿನದಲ್ಲಿ ಹೊರಗಿನವರು ಮಾಡಬಲ್ಲದ್ದು ಬಹಳ ಕಡಿಮೆ. ಆ ಕಡಿಮೆಯಲ್ಲೂ ಅರ್ಧಕ್ಕಿಂತ ಹೆಚ್ಚು ಮಾಡುವವರು ಕರೆಸಿಕೊಂಡ ಪಾಸ್ಟರು ಮತ್ತು ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳುವವರು. ಕೆಟ್ಟರೆ ಅದರ ಫಲ ಉಣ್ಣುವವರೂ ಅವರೇ.

ಮಿಷನರಿ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಬೇರೆ ಜಾತಿಯ ಮನುಷ್ಯರು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಕನ್ನಡ ಕಲಿತು, ಬೈಬಲನ್ನು ಪೂರ್ತಿಯಾಗಿ ಕನ್ನಡಕ್ಕೆ ತಂದು ಅಚ್ಚು ಹಾಕಿಸುವ ಹೊತ್ತಿಗೆ 1831 ಆಗಿತ್ತು. ಕಿಟೆಲ್ 1853ರಲ್ಲಿ ಬಂದವರು, ನಿಘಂಟು ಹೊರಬಂದದ್ದು 1894ರಲ್ಲಿ. ಅವರ ಲೆಕ್ಕವೇ ದಶಕಗಳಲ್ಲಿತ್ತು. ಹತ್ತು ದಿನದ ಲೆಕ್ಕ ಶುರುವಾದದ್ದು ವಿಮಾನದ ಟಿಕೆಟ್ ಮಧ್ಯಮ ವರ್ಗದ ಕೈಗೆ ಸಿಕ್ಕ ಮೇಲೆ. 1957ರ ಬೇಸಿಗೆ ರಜೆಯಲ್ಲಿ ಜಾರ್ಜ್ ವರ್ವರ್ ಎಂಬ ಅಮೆರಿಕದ ವಿದ್ಯಾರ್ಥಿ ಗೆಳೆಯರಿಬ್ಬರ ಜೊತೆ ಪುಸ್ತಕ ತುಂಬಿಕೊಂಡು ಮೆಕ್ಸಿಕೊಗೆ ಹೋದರು. ಅದರಿಂದ ‘ಆಪರೇಷನ್ ಮೊಬಿಲೈಸೇಷನ್’ ಹುಟ್ಟಿತು. 1960ರ ದಶಕದಲ್ಲಿ ಅದರ ತರುಣರು ಯುರೋಪಿನಿಂದ ಲಾರಿಗಳಲ್ಲಿ ರಸ್ತೆ ಹಿಡಿದೇ ಭಾರತಕ್ಕೆ ಬಂದರು. 1960ರಲ್ಲಿ ‘ಯೂತ್ ವಿತ್ ಎ ಮಿಷನ್’ ಶುರುವಾಯಿತು. ಈಗ ಅಮೆರಿಕ ಒಂದರಿಂದಲೇ ವರ್ಷಕ್ಕೆ ಹದಿನೈದು ಲಕ್ಷಕ್ಕೂ ಹೆಚ್ಚು ಮಂದಿ ಹೀಗೆ ಹೊರದೇಶಕ್ಕೆ ಹೋಗಿಬರುತ್ತಾರೆಂದು ಅಲ್ಲಿನ ಸಮಾಜಶಾಸ್ತ್ರಜ್ಞರ ಅಂದಾಜು. ಬಹಳಷ್ಟು ಜನ ಹತ್ತಿರದ ಮೆಕ್ಸಿಕೊ, ಮಧ್ಯ ಅಮೆರಿಕಗಳಿಗೆ ಹೋಗುತ್ತಾರೆ. ಕಾಳಗಿಯವರೆಗೆ ಬರುವುದು ಆ ಹೊಳೆಯ ಒಂದು ಹನಿ.

ಹಾಗಂತ ಅಲ್ಪಾವಧಿಯ ಬೋಧಕರು ಹಿಂದೆ ಇರಲೇ ಇಲ್ಲ ಎಂದಲ್ಲ. ಇಂದಿಗೂ ನಮ್ಮ ಕಲಬುರಗಿ, ಬೀದರ್, ಯಾದಗಿರಿ ಕಡೆ ಕಾಣುವ ಮೆಥೋಡಿಸ್ಟ್ ಚರ್ಚುಗಳ ಬೇರು ಹುಡುಕುತ್ತ ಹೋದರೆ ಅಂಥವರೊಬ್ಬರು ಸಿಗುತ್ತಾರೆ, ವಿಲಿಯಂ ಟೇಲರ್. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಚಿನ್ನದ ಆಸೆಗೆ ಬಂದವರ ನಡುವೆ ಬೀದಿಯಲ್ಲಿ ನಿಂತು ಪ್ರಸಂಗ ಮಾಡಿದ ಆಸಾಮಿ. ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ ಸುತ್ತಿ 1870ರಲ್ಲಿ ಭಾರತಕ್ಕೆ ಬಂದರು. ಮುಂಬಯಿ, ಪುಣೆ, ಕಲ್ಕತ್ತಾ, ಮದ್ರಾಸು, ಬೆಂಗಳೂರು ಹೀಗೆ ಊರಿಂದೂರಿಗೆ ಹೋಗಿ, ಒಂದೊಂದು ಕಡೆ ಕೆಲವು ತಿಂಗಳು ನಿಂತು, 1875ರಲ್ಲಿ ಹೊರಟುಹೋದರು. ಮರುವರ್ಷ, 1876ರಲ್ಲಿ, ಮೆಥೋಡಿಸ್ಟರ ದಕ್ಷಿಣ ಭಾರತ ಕಾನ್ಫರೆನ್ಸ್ ರಚನೆಯಾಯಿತು. ಬೆಂಗಳೂರಿನ ಬಾಲ್ಡ್ವಿನ್ ಶಾಲೆಗಳು ಬೆಳೆದದ್ದು ಇದೇ ಬೇರಿನಿಂದ.

ಟೇಲರ್‌ಗೆ ಕನ್ನಡ, ಮರಾಠಿ ಏನೂ ಬರುತ್ತಿರಲಿಲ್ಲ. ಅವರ ಮಾತು ಕೇಳಿದವರು ಹೆಚ್ಚಾಗಿ ಇಂಗ್ಲಿಷ್ ಬಲ್ಲ ಆಂಗ್ಲೋ ಇಂಡಿಯನ್ನರು, ರೈಲ್ವೆ ಮತ್ತು ತಂತಿ ಇಲಾಖೆಯವರು. ಆದರೆ ಅವರು ಒಂದು ಕೆಲಸವನ್ನು ಗಟ್ಟಿಯಾಗಿ ಮಾಡಿದರು. ಹುಟ್ಟಿದ ಸಭೆಗಳನ್ನು ಅಲ್ಲಿನವರ ಕೈಗೇ ಕೊಟ್ಟರು. ಸಭಾಪಾಲಕರ ಸಂಬಳ ಅಮೆರಿಕದಿಂದ ಬರುವುದಿಲ್ಲ, ನಿಮ್ಮ ಸಭೆ ನೀವೇ ಸಾಕಬೇಕು ಎಂದು ಪಟ್ಟು ಹಿಡಿದರು. ಸ್ವಂತ ಮಿಷನ್ ಕಚೇರಿಯವರ ಜೊತೆ ಇದಕ್ಕಾಗಿಯೇ ಜಗಳವಾಡಿದರು. ಅವರು ಹೋದ ಮೇಲೂ ಕೆಲಸ ಉಳಿಯಿತು ಎಂದರೆ ಕಾರಣ ಅದು. ಇದೇ ಟೇಲರ್ ಆಸ್ಟ್ರೇಲಿಯಾದಿಂದ ಕ್ಯಾಲಿಫೋರ್ನಿಯಾಕ್ಕೆ ನೀಲಗಿರಿ ಬೀಜ ಕಳಿಸಿದವರೆಂದೂ ಹೇಳುತ್ತಾರೆ. ಬಂದುಹೋಗುವವರು ಬಿತ್ತಿದ್ದೆಲ್ಲ ಊರಿಗೆ ಒಳ್ಳೆಯದೇ ಆಗುತ್ತದೆ ಎಂದೇನೂ ಇಲ್ಲ.

ಭಾರತಕ್ಕೆ ಬರುವ ಮೊದಲು, 1866ರಲ್ಲಿ, ದಕ್ಷಿಣ ಆಫ್ರಿಕಾದಲ್ಲಿ ಅವರಿಗೆ ಆದ ಅನುಭವ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಷೋಸಾ ಜನರ ನಡುವೆ ಮೊದಮೊದಲು ಅವರ ಪ್ರಸಂಗ ಯಾರಿಗೂ ತಟ್ಟಲಿಲ್ಲ. ಆಮೇಲೆ ಚಾರ್ಲ್ಸ್ ಪಾಮ್ಲಾ ಎಂಬ ಸ್ಥಳೀಯ ಬೋಧಕ ಸಿಕ್ಕರು. ಟೇಲರ್ ಮೊದಲು ಪಾಮ್ಲಾ ಒಬ್ಬರನ್ನೇ ಕೂರಿಸಿಕೊಂಡು ಇಡೀ ಪ್ರಸಂಗ ಹೇಳುತ್ತಿದ್ದರು. ಅರ್ಥವಾಗದ್ದನ್ನು ಅವರು ಕೇಳಬೇಕು, ಹೊಂದದ್ದನ್ನು ಬದಲಿಸಬೇಕು. ಆಮೇಲೆ ಇಬ್ಬರೂ ಜನರ ಮುಂದೆ ನಿಲ್ಲುತ್ತಿದ್ದರು. ಸಾವಿರಾರು ಜನ ಸಭೆ ಸೇರಿದ್ದು ಅಲ್ಲಿಂದ ಮುಂದೆ. ಹೆಸರು ಟೇಲರ್‌ಗೆ ಬಂತು. ಕೇಳಿದ ಜನ ಮಾತ್ರ ಪಾಮ್ಲಾ ಹೇಳಿದ್ದನ್ನು ಕೇಳಿದ್ದರು. ಟೇಲರ್ ಹೊರಟ ಮೇಲೂ ಕೆಲಸ ಮುಂದುವರಿಸಿದವರು ಪಾಮ್ಲಾ.

ನಮ್ಮ ಕಡೆಯ ಮೂರು ದಿನದ ‘ಪಾಸ್ಟರ್ಸ್ ಟ್ರೈನಿಂಗ್’ ಹೇಗೆ ನಡೆಯುತ್ತದೆ ಎಂದು ನೋಡಿದರೆ ಪಾಮ್ಲಾ ಕಥೆಯ ಬೆಲೆ ತಿಳಿಯುತ್ತದೆ. ಅತಿಥಿ ಒಂದು ವಾಕ್ಯ ಹೇಳುತ್ತಾರೆ, ತರ್ಜುಮೆದಾರರು ಒಂದು ವಾಕ್ಯ. ಒಂದು ಗಂಟೆಯ ಪಾಠ ಅಲ್ಲಿಗೇ ಅರ್ಧ ಗಂಟೆ. ಚಾಪೆಯ ಮೇಲೆ ಕೂತವರಲ್ಲಿ ತಾಂಡಾದವರಿಗೆ ಮನೆಮಾತು ಲಂಬಾಣಿ, ಗಡಿಯಿಂದ ಬಂದವರಿಗೆ ತೆಲುಗು. ಅವರು ಮನಸ್ಸಿನಲ್ಲೇ ಇನ್ನೊಂದು ತರ್ಜುಮೆ ಮಾಡಿಕೊಳ್ಳಬೇಕು. ಅತಿಥಿ ಬೇಸ್‌ಬಾಲ್ ಉದಾಹರಣೆ ಕೊಟ್ಟರೆ ಚಾಣಾಕ್ಷ ತರ್ಜುಮೆದಾರರು ಅದನ್ನು ಸದ್ದಿಲ್ಲದೆ ಕಬಡ್ಡಿ ಮಾಡುತ್ತಾರೆ. ಹೊಸಬರಾದರೆ ಬೇಸ್‌ಬಾಲ್ ಅಂತಲೇ ಹೇಳಿ, ಎಲ್ಲರ ಮುಖ ನೋಡಿ, ಮುಂದಿನ ವಾಕ್ಯಕ್ಕೆ ಕಾಯುತ್ತಾರೆ. ತರ್ಜುಮೆದಾರರಿಗೆ ಹಿಂದಿನ ರಾತ್ರಿ ಪಾಠದ ಪ್ರತಿ ಸಿಕ್ಕಿರುವುದು ಅಪರೂಪ. ಅತಿಥಿ ಪ್ರಯಾಣದ ದಣಿವಿನಲ್ಲಿರುತ್ತಾರೆ, ಊಟ, ಫೋಟೊ, ಮನೆಮನೆ ಭೇಟಿಯಲ್ಲಿ ಸಂಜೆ ಕಳೆದಿರುತ್ತದೆ.

ಇದರಲ್ಲಿ ಒಂದು ತಮಾಷೆಯೂ ಇದೆ. ಬೈಬಲ್ ಎಂಬುದು ಬಹುಮಟ್ಟಿಗೆ ಹೊಲ, ಕಣ, ಕುರಿ, ಬಾವಿ, ಬರಗಾಲ, ಮಿಡತೆಗಳ ನಡುವೆ ಹುಟ್ಟಿದ ಗ್ರಂಥ. ಸೂಪರ್ ಮಾರ್ಕೆಟ್ಟಿನಲ್ಲಿ ಬ್ರೆಡ್ ಕೊಳ್ಳುವ ಊರಿನಿಂದ ಬಂದವರು, ತೊಗರಿ ರಾಶಿ ಮಾಡಿ ತಲೆಗೂದಲಲ್ಲಿ ಹೊಟ್ಟು ಇರುವಂತೆಯೇ ಬಂದು ಕೂತವರಿಗೆ, ಕಣದಲ್ಲಿ ಕಾಳಿನಿಂದ ಹೊಟ್ಟು ಹೇಗೆ ಬೇರೆಯಾಗುತ್ತದೆ ಎಂದು ಸ್ಲೈಡ್ ಹಾಕಿ ವಿವರಿಸುತ್ತಾರೆ. ಮತ್ತಾಯನ ಸುವಾರ್ತೆಯ ಹದಿಮೂರನೆಯ ಅಧ್ಯಾಯದಲ್ಲಿ ಬಿತ್ತುವವನ ಸಾಮ್ಯ ಬರುತ್ತದಲ್ಲ, ಅದನ್ನೇ ತೆಗೆದುಕೊಳ್ಳಿ. ಬಂಡೆಯ ಮೇಲೆ ಬಿದ್ದ ಬೀಜ ಬೇಗ ಮೊಳೆತು, ಬಿಸಿಲೇರಿದಾಗ ಒಣಗುತ್ತದೆ. ಅಮೆರಿಕದ ಕೇಳುಗರಿಗೆ ಇಲ್ಲಿ ವ್ಯಾಖ್ಯಾನ ಬೇಕು. ಬಂಡೆ ಎಂದರೆ ಅವರು ಹೊಲದಲ್ಲಿ ಅಲ್ಲಲ್ಲಿ ಬಿದ್ದಿರುವ ಗುಂಡುಕಲ್ಲು ಅಂದುಕೊಳ್ಳುತ್ತಾರೆ, ಕಲ್ಲಿನ ಮೇಲೆ ಬೀಜ ಬೇಗ ಮೊಳೆಯುವುದು ಹೇಗೆಂದು ಗೊಂದಲಪಡುತ್ತಾರೆ. ಪ್ಯಾಲೆಸ್ಟೈನಿನ ನೆಲದಲ್ಲಿ ಸುಣ್ಣಕಲ್ಲಿನ ಹಾಸಿನ ಮೇಲೆ ಗೇಣೂ ಇಲ್ಲದ ಮಣ್ಣು ಇರುವ ಕಡೆಗಳಿವೆ, ಮಾತು ಅದರ ಬಗ್ಗೆ.

ಶಹಾಬಾದ್, ವಾಡಿ, ಚಿತ್ತಾಪುರದ ರೈತರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ನಮ್ಮದೂ ಸುಣ್ಣಕಲ್ಲಿನ ಸೀಮೆ. ಮೇಲೆ ತೆಳು ಮಣ್ಣು, ಕೆಳಗೆ ಫರಸಿ. ಆ ಫರಸಿ ತೆಗೆದೇ ದೇಶದ ಅರ್ಧ ಮನೆಗಳಿಗೆ ನೆಲ ಹಾಸಿದ್ದೇವೆ, ಸಿಮೆಂಟ್ ಮಾಡಿದ್ದೇವೆ. ಮೊದಲ ಮಳೆಗೆ ಅಂಥ ಹೊಲ ಬೇಗ ಕಾವೇರಿ, ಎಲ್ಲರಿಗಿಂತ ಮೊದಲು ಹಸಿರಾಗುತ್ತದೆ. ಎರಡು ವಾರ ಮಳೆ ಹೋದರೆ ಮೊದಲು ಬಾಡುವುದೂ ಅದೇ. ಬೇರು ಕೆಳಗಿಳಿಯಲು ದಾರಿಯಿಲ್ಲ. ಮೇಲೆ ಹಸಿರು ಕಂಡು ಹಿಗ್ಗಿದವನಿಗೆ ಕೆಳಗಿನ ಕಲ್ಲು ಗೊತ್ತಿರುವುದಿಲ್ಲ, ಗೊತ್ತಿರುವ ಹೊಲದವನು ಅಲ್ಲಿ ತೊಗರಿ ಬಿತ್ತಲು ಹೋಗುವುದಿಲ್ಲ. ಈ ವಿವರವನ್ನು ಚಾಪೆಯ ಮೇಲೆ ಕೂತವರು ಹೇಳಬೇಕು, ಸ್ಲೈಡ್ ತಂದವರು ಬರೆದುಕೊಳ್ಳಬೇಕು. ಒಳ್ಳೆಯ ಬೋಧಕರಾದರೆ ಹಾಗೆ ಬರೆದುಕೊಂಡೂ ಹೋಗುತ್ತಾರೆ. ಅವರು ತರಬಹುದಾದದ್ದು ಬೇರೆ ಇದೆ. ಹೀಬ್ರೂ, ಗ್ರೀಕ್ ಮೂಲದಲ್ಲಿ ಒಂದು ಭಾಗ ಹೇಗಿದೆ, ಎರಡು ಸಾವಿರ ವರ್ಷ ಅದನ್ನು ಯಾರ್ಯಾರು ಹೇಗೆ ಓದಿದರು, ಒಂದು ಅಧ್ಯಾಯವನ್ನು ತುಂಡು ಮಾಡದೆ ಪೂರ್ತಿ ಓದುವುದು ಹೇಗೆ. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿಗೋ ಮಂಗಳೂರಿನ ಬಲ್ಮಠಕ್ಕೋ ಹೋಗಿ ಕಲಿಯಲು ಆಗದ, ಹಗಲು ಕೂಲಿಗೆ ಹೋಗಿ ಸಂಜೆ ಸಭೆ ನಡೆಸುವ ಪಾಲಕರಿಗೆ ಅದು ನಿಜವಾಗಿ ಬೇಕಾದ ವಿದ್ಯೆ.

ಬರುವ ಸಮಯವೂ ಎಡವಟ್ಟು. ಬಿಸಿಲಿಗೆ ಹೆದರಿ ಹೊರದೇಶದವರು ಡಿಸೆಂಬರ್, ಜನವರಿ ಆರಿಸುತ್ತಾರೆ. ಆಗ ನಮ್ಮಲ್ಲಿ ತೊಗರಿ ಕಟಾವು, ರಾಶಿ. ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ ತರಗತಿ ಎಂದರೆ ಕೂರುವವರು ಯಾರು? ದಿನದ ಕೂಲಿ ಬಿಟ್ಟು ಬರಬೇಕು. ರಾಶಿ ಮುಗಿಯಲಿ ಎಂದರೆ ಚಿಂಚೋಳಿ, ಕಾಳಗಿ ತಾಂಡಾಗಳ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ, ಜನ ಮುಂಬಯಿ, ಪುಣೆ, ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಹೋಗಿರುತ್ತಾರೆ. ದಿನಾಂಕವನ್ನು ಅತಿಥಿಯ ರಜೆ ನೋಡಿ ಇಡುವ ಬದಲು ಊರಿನ ಬಿಡುವು ನೋಡಿ ಇಟ್ಟರೆ ಅರ್ಧ ತೊಂದರೆ ತಪ್ಪುತ್ತದೆ. ‘ಈಗ ಬ್ಯಾಡ್ರಿ’ ಎಂದು ಹೇಳುವ ಧೈರ್ಯ ಮಾತ್ರ ಕರೆಸುವವರಿಗೆ ಬರುವುದಿಲ್ಲ.

ಇನ್ನು ಕಾನೂನು. ಇಲ್ಲಿ ಗೊಂದಲ ಜಾಸ್ತಿ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳಬೇಕು. ಸಂವಿಧಾನದ 25ನೇ ವಿಧಿ ಧರ್ಮವನ್ನು ನಂಬುವ, ಆಚರಿಸುವ, ಪ್ರಸಾರ ಮಾಡುವ ಹಕ್ಕನ್ನು ‘ಎಲ್ಲ ವ್ಯಕ್ತಿಗಳಿಗೂ’ ಕೊಡುತ್ತದೆ, ಪೌರರಿಗೆ ಮಾತ್ರ ಎಂದು ಹೇಳುವುದಿಲ್ಲ. ಪ್ರಸಾರದ ಹಕ್ಕು ಎಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದು 1977ರಲ್ಲಿ ಸ್ಟೇನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ವಿದೇಶಿಯರ ಮಟ್ಟಿಗೆ ಈ ಚರ್ಚೆಗಿಂತ ಮೊದಲು ಬರುವುದು ವೀಸಾ. ಯಾರನ್ನು ಯಾವ ಕೆಲಸಕ್ಕೆ ಒಳಗೆ ಬಿಡಬೇಕೆಂಬುದು ಸರ್ಕಾರದ ಅಧಿಕಾರ.

ಪ್ರವಾಸಿ ವೀಸಾದಲ್ಲಿ ಬಂದವರು ಚರ್ಚಿಗೋ ಮಸೀದಿಗೋ ಗುಡಿಗೋ ಹೋಗಬಹುದು, ಆರಾಧನೆಯಲ್ಲಿ ಕೂರಬಹುದು, ಪ್ರವಚನ ಕೇಳಬಹುದು. ಎದ್ದು ನಿಂತು ಧರ್ಮ ಬೋಧಿಸುವಂತಿಲ್ಲ, ಕರಪತ್ರ ಹಂಚುವಂತಿಲ್ಲ. ಇದು ಒಂದು ಧರ್ಮಕ್ಕೆ ಸೀಮಿತವಾದ ನಿಯಮವಲ್ಲ. 2020ರ ಏಪ್ರಿಲ್‌ನಲ್ಲಿ ಗೃಹ ಸಚಿವಾಲಯ ತಬ್ಲೀಗಿ ಜಮಾತಿನ ಕಾರ್ಯಕ್ರಮಕ್ಕೆ ಬಂದಿದ್ದ 960 ವಿದೇಶಿಯರ ಪ್ರವಾಸಿ ವೀಸಾ ರದ್ದು ಮಾಡಿ ಕಪ್ಪುಪಟ್ಟಿಗೆ ಸೇರಿಸಿದ್ದು ಇದೇ ಕಾರಣಕ್ಕೆ. ಬೋಧಿಸಲು ಬರುವವರಿಗೆ ಮಿಷನರಿ ವೀಸಾ ಎಂಬ ಬೇರೆಯದೇ ಬಗೆ ಇದೆ. ಅದಕ್ಕೆ ಕರೆಸಿಕೊಳ್ಳುವ ಭಾರತದ ಸಂಸ್ಥೆ ಪತ್ರ ಕೊಡಬೇಕು: ಎಲ್ಲಿಗೆ ಬರುತ್ತಾರೆ, ಎಷ್ಟು ದಿನ, ಏನು ಕೆಲಸ, ಖರ್ಚು ಯಾರದು. ಮನೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ತೆಗೆದುಕೊಳ್ಳಬಹುದಾದ ಇ-ಟೂರಿಸ್ಟ್ ವೀಸಾದ ಮುಂದೆ ಇದು ತಲೆನೋವಿನ ದಾರಿ. ‘ಬರೀ ಹತ್ತು ದಿನ ತಾನೇ, ಟೂರಿಸ್ಟ್ ಸಾಕು’ ಎಂಬ ಸಲಹೆ ಹುಟ್ಟುವುದು ಅಲ್ಲಿಂದ. ಕೆಟ್ಟ ಸಲಹೆ.

ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ನೆಲೆಸಿ ಅಲ್ಲಿನ ಪೌರರಾದ ಕನ್ನಡದವರೂ ಇದರಲ್ಲಿ ಸಿಕ್ಕಿಕೊಳ್ಳುತ್ತಾರೆ. ಕಲಬುರಗಿಯಲ್ಲೇ ಹುಟ್ಟಿದವರು, ಓಸಿಐ ಕಾರ್ಡ್ ಇದೆ, ವೀಸಾ ಬೇಕಿಲ್ಲ. ಆದರೆ 2021ರ ಮಾರ್ಚ್ 4ರ ಅಧಿಸೂಚನೆ ಪ್ರಕಾರ ಓಸಿಐ ಕಾರ್ಡಿನವರೂ ಮಿಷನರಿ ಅಥವಾ ತಬ್ಲೀಗ್ ಚಟುವಟಿಕೆಗೆ ಮೊದಲೇ ವಿಶೇಷ ಅನುಮತಿ ಪಡೆಯಬೇಕು. ತವರೂರಿನ ಸಭೆಯಲ್ಲಿ ಮೂರು ದಿನ ಪಾಠ ಹೇಳುವೆ ಎಂದು ಹೊರಟವರಿಗೆ ಇದು ಎಷ್ಟೋ ಸಲ ಗೊತ್ತೇ ಇರುವುದಿಲ್ಲ.

ಅತಿಥಿ ಪಾಸ್ಟರ ಮನೆಯಲ್ಲೇ ಮಲಗಿದರೆ ಇನ್ನೊಂದು ಕರ್ತವ್ಯ ಬರುತ್ತದೆ. ಜನ ‘ಸಿ ಫಾರ್ಮ್’ ಎಂದು ಕರೆಯುವ ವಿದೇಶಿಯರ ವಸತಿ ಮಾಹಿತಿಯನ್ನು 24 ಗಂಟೆಯೊಳಗೆ ಸಲ್ಲಿಸಬೇಕು. ಲಾಡ್ಜಿನವರಿಗೆ ಇದು ರೂಢಿ, ಮನೆಯವರಿಗೆ ಹೊಳೆಯುವುದಿಲ್ಲ. ಹೊರಡುವಾಗ ಅತಿಥಿ ಪ್ರೀತಿಯಿಂದ ‘ಕಟ್ಟಡಕ್ಕೆ ಇರಲಿ’ ಎಂದು ಡಾಲರು ಕೊಟ್ಟರೆ ಅದೂ ತೊಡಕು. ಧಾರ್ಮಿಕ ಕೆಲಸಕ್ಕೆ ವಿದೇಶಿ ಹಣ ತೆಗೆದುಕೊಳ್ಳಲು 2010ರ ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿ ಇರಬೇಕು. 2020ರ ತಿದ್ದುಪಡಿಯ ನಂತರ ಆ ಹಣ ಮೊದಲು ಬಂದು ಬೀಳಬೇಕಾದದ್ದು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೆ. ನೋಂದಣಿ ಇರುವ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತೆಯೂ ಇಲ್ಲ. ನಲವತ್ತು ಜನರ ಹಳ್ಳಿ ಸಭೆಗೆ ಇಂಥ ನೋಂದಣಿ ಎಲ್ಲಿಂದ ಬರಬೇಕು?

ಇದರ ಮೇಲೆ ಕರ್ನಾಟಕದ 2022ರ ಮತಾಂತರ ನಿಷೇಧ ಕಾಯ್ದೆ ಬಂತು. ಮತ ಬದಲಿಸುವವರು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ಅದು ಹೇಳಿತು. 2023ರ ಜೂನ್‌ನಲ್ಲಿ ಹೊಸ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಕಾಯ್ದೆಯ ಪರ ವಿರೋಧ ಏನೇ ಇರಲಿ, ಹಳ್ಳಿಯ ಲೆಕ್ಕ ಸರಳ. ಗದ್ದಲವಾದರೆ ಅತಿಥಿ ಶಂಷಾಬಾದಿಗೆ ಹೋಗಿ ವಿಮಾನ ಹತ್ತುತ್ತಾರೆ. ಠಾಣೆ, ಕೋರ್ಟು ಅಲೆಯುವವರು, ನಾಳೆ ಅದೇ ನೆರೆಯವರ ಮುಖ ನೋಡಬೇಕಾದವರು ಪಾಸ್ಟರು.

ಬೇರೆ ಮತದವರ ಊರಿಗೆ ಹೋದವರು ಹೇಗೆ ನಡೆದುಕೊಳ್ಳಬೇಕೆಂಬ ಬಗ್ಗೆ ಭಾರತದ ಅತಿ ಹಳೆಯ ಸರ್ಕಾರಿ ಆದೇಶಗಳಲ್ಲೊಂದು ಚಿತ್ತಾಪುರ ತಾಲ್ಲೂಕಿನಲ್ಲೇ ಇದೆ ಎಂಬುದು ನಮ್ಮವರಲ್ಲಿ ಅನೇಕರಿಗೆ ತಿಳಿಯದು. ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಚಾವಣಿ 1986ರಲ್ಲಿ ಕುಸಿಯಿತು. ಮೂರ್ತಿಯ ಪೀಠಕ್ಕೆ ಬಳಸಿದ್ದ ಚಪ್ಪಡಿಯ ಮೇಲೆ ಅಶೋಕನ ಶಾಸನ ಇರುವುದು ಆಮೇಲೆ ಬೆಳಕಿಗೆ ಬಂತು. ಅದರಲ್ಲಿ ಹನ್ನೆರಡನೆಯ ಬಂಡೆ ಶಾಸನದ ಪಾಠವಿದೆ. ತನ್ನ ಪಂಥವನ್ನು ಅತಿಯಾಗಿ ಹೊಗಳಿ ಪರರದನ್ನು ಹಳಿಯುವವನು ತನ್ನ ಪಂಥಕ್ಕೇ ಕೇಡು ಮಾಡುತ್ತಾನೆ, ಮಾತಿಗೆ ಹಿಡಿತವಿರಲಿ, ಒಬ್ಬರದನ್ನು ಒಬ್ಬರು ಕೇಳಲಿ ಎಂಬುದು ಅದರ ಸಾರ. ಇದನ್ನು ಬರೆಸಿದ್ದು ಧರ್ಮಪ್ರಚಾರ ಬೇಡವೆಂದ ದೊರೆಯಲ್ಲ. ಅವನ ಕಾಲದಲ್ಲೇ ಮಹಿಷಮಂಡಲಕ್ಕೆ ಮಹಾದೇವ, ವನವಾಸಕ್ಕೆ ರಕ್ಖಿತ ಎಂಬ ಭಿಕ್ಷುಗಳನ್ನು ಕಳಿಸಿದರೆಂದು ಸಿಂಹಳದ ಮಹಾವಂಸ ಹೇಳುತ್ತದೆ. ಹೊರಗಿನಿಂದ ಬೋಧಕರು ಬರುವುದು ಈ ನೆಲಕ್ಕೆ ಹೊಸದಲ್ಲ. ಸೂಫಿ ಸಂತ ಬಂದೇ ನವಾಜರೂ ದೆಹಲಿ ಕಡೆಯಿಂದ ಬಂದವರೇ. ಅವರು ಮುಪ್ಪಿನಲ್ಲಿ ಬಂದು 1422ರಲ್ಲಿ ತೀರಿಕೊಳ್ಳುವವರೆಗೂ ಕಲಬುರಗಿಯಲ್ಲೇ ಉಳಿದರು.

ದುಡ್ಡಿನ ಮಾತು ಕ್ರೈಸ್ತರೇ ತಮ್ಮೊಳಗೆ ಕೇಳಿಕೊಂಡಿದ್ದಾರೆ. 1998ರ ಮಿಚ್ ಚಂಡಮಾರುತದ ನಂತರ ಹೊಂಡುರಾಸಿಗೆ ಮನೆ ಕಟ್ಟಲು ಹೋದ ಇಂಥ ತಂಡಗಳನ್ನು ಕರ್ಟ್ ವರ್ ಬೀಕ್ ಎಂಬ ಕ್ರೈಸ್ತ ಸಮಾಜಶಾಸ್ತ್ರಜ್ಞ ಅಧ್ಯಯನ ಮಾಡಿ 2006ರಲ್ಲಿ ಪ್ರಕಟಿಸಿದರು. ಪ್ರಯಾಣದ ಖರ್ಚೆಲ್ಲ ಸೇರಿಸಿದರೆ ತಂಡ ಕಟ್ಟಿದ ಒಂದೊಂದು ಮನೆಗೆ ಸುಮಾರು 30,000 ಡಾಲರ್ ಬಿದ್ದಿತ್ತು, ಸ್ಥಳೀಯ ಕ್ರೈಸ್ತ ಸಂಸ್ಥೆ ಅದೇ ಬಗೆಯ ಮನೆಯನ್ನು ಸುಮಾರು 2,000 ಡಾಲರಿಗೆ ಕಟ್ಟುತ್ತಿತ್ತು. ಹೋಗಿಬಂದವರ ಬದುಕಿನಲ್ಲೂ ಅವರು ಹೇಳಿಕೊಂಡಷ್ಟು ಬದಲಾವಣೆ ಉಳಿದಿರಲಿಲ್ಲ. ಮನೆ ಕಟ್ಟುವುದಕ್ಕೂ ಪಾಠ ಹೇಳುವುದಕ್ಕೂ ವ್ಯತ್ಯಾಸವಿದೆ, ನಿಜ. ಗೋಡೆ ಎಬ್ಬಿಸಲು ಕಾಳಗಿಯಲ್ಲಿ ಗೌಂಡಿಗಳಿಗೆ ಬರವಿಲ್ಲ, ಗ್ರೀಕ್ ಬಲ್ಲವರಿಗೆ ಇದೆ. ಆದರೂ ಲಕ್ಷ ದಾಟುವ ಟಿಕೆಟ್ಟಿನ ಪಕ್ಕದಲ್ಲಿ ತರ್ಜುಮೆದಾರರ ಗೌರವಧನ, ಬರುವ ಪಾಲಕರ ಮೂರು ದಿನದ ಕೂಲಿ ಎಂಬ ಎರಡು ಸಾಲು ಬಜೆಟ್ಟಿನಲ್ಲಿ ಇರಬೇಡವೆ?

ಈಗ ದಾರಿ ಒಂದೇ ಕಡೆಯದಲ್ಲ. ನಮ್ಮ ಬೋಧಕರೂ ಹೊರಗೆ ಹೋಗುತ್ತಾರೆ. ದುಬೈನ ಜಬಲ್ ಅಲಿಯಲ್ಲಿ ಆಡಳಿತಗಾರರೇ ಕೊಟ್ಟ ಜಾಗದಲ್ಲಿ ಚರ್ಚುಗಳಿವೆ, ಭಾರತದ ಭಾಷೆಗಳಲ್ಲಿ ಆರಾಧನೆ ನಡೆಯುತ್ತದೆ. ಆವರಣದ ಒಳಗೆ ಎಷ್ಟು ಬೇಕಾದರೂ ಪಾಠ ಹೇಳಬಹುದು, ಹೊರಗೆ ಮುಸ್ಲಿಮರ ನಡುವೆ ಪ್ರಚಾರ ಮಾಡಿದರೆ ಅಪರಾಧ. ಗಲ್ಫಿಗೆ ದುಡಿಯಲು ಹೋದವರಿಗೆ ಈ ಗೆರೆ ಚೆನ್ನಾಗಿ ಗೊತ್ತು, ಅಲ್ಲಿ ಎಡವುವವರು ಕಡಿಮೆ. ಎಡವುವುದು ನೇಪಾಳದಲ್ಲಿ. ಭಾರತೀಯರಿಗೆ ಅಲ್ಲಿ ವೀಸಾ ಬೇಡ, ಹಿಂದಿ ನಡೆಯುತ್ತದೆ, ಗೋರಖಪುರದವರೆಗೆ ರೈಲಿದೆ, ಮನೆಯ ಹಿತ್ತಲಿಗೆ ಹೋದಂತೆ ಹೋಗಿಬಿಡುತ್ತಾರೆ. ನೇಪಾಳದ 2015ರ ಸಂವಿಧಾನದ 26ನೇ ವಿಧಿ ಇನ್ನೊಬ್ಬರ ಮತ ಬದಲಿಸುವುದನ್ನು ನಿಷೇಧಿಸುತ್ತದೆ. 2018ರ ಆಗಸ್ಟ್‌ನಿಂದ ಜಾರಿಯಲ್ಲಿರುವ ದಂಡ ಸಂಹಿತೆಯ ಪ್ರಕಾರ ಅದಕ್ಕೆ ಐದು ವರ್ಷದವರೆಗೆ ಜೈಲು, ಐವತ್ತು ಸಾವಿರ ರೂಪಾಯಿವರೆಗೆ ದಂಡ. ವಿದೇಶಿಯಾದರೆ ಶಿಕ್ಷೆ ಮುಗಿದ ಏಳು ದಿನದೊಳಗೆ ಗಡೀಪಾರು. ಅಲ್ಲಿ ವಿದೇಶಿ ಎಂದರೆ ನಾವೇ. ಸೇಡಂನಿಂದ ಹೋದ ಪಾಸ್ಟರ್ ಅಲ್ಲಿ ಹತ್ತು ದಿನದ ಗೆಸ್ಟ್. ಭಾಷಣದ ವಿಷಯ, ಸ್ಥಳ, ಸಮಯ ಯಾವುದಿರಬೇಕೆಂದು ಕಠ್ಮಂಡುವಿನ ಪಾಲಕರನ್ನು ಮೊದಲು ಕೇಳಿ, ಅವರು ಬೇಡವೆಂದರೆ ಟಿಕೆಟ್ ರದ್ದು ಮಾಡುವವರು ಮಾತ್ರ ಆ ರೈಲು ಹತ್ತಲಿ.